ಕಾರ್ಡಿನ ಮೇಲಿನ ಹೆಸರು

ಶಿಗ್ಗಾಂವದ ನಮ್ಮ ಬಟ್ಟೆ ಅಂಗಡಿಯಲ್ಲಿ ಹೊಸದಾಗಿ ಕ್ಯಾಶಿಗೆ ಸೇರಿದ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ಮನೆಗೆ ಬಂದಿದ್ದರು. “ಕಾಕಾ, ಕಾರ್ಡಿನ ಮ್ಯಾಲೆ ಸಂಶೆ ಬಂದ್ರ ಏನ್ ಮಾಡಬೇಕ್ರಿ?” ಎಂದು ಕೇಳಿದರು. ಎರಡು ಮಾತು ಹೇಳಿ, ಚಹಾ ಕುಡಿಸಿ ಕಳಿಸಿದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಅರ್ಧವನ್ನು ನುಂಗಿಕೊಂಡಿದ್ದೆ. ಪೂರ್ತಿ ಹೇಳಬೇಕೆಂದರೆ ಆಡೂರಿನ ರೇಣುಕಾ ಎಂಬ ಹುಡುಗಿಯ ಮದುವೆ ನನ್ನ ಕೌಂಟರಿನ ಮುಂದೆ ಹೇಗೆ ಮುರಿಯಿತು ಎಂಬುದನ್ನೂ ಹೇಳಬೇಕಾಗುತ್ತದೆ. ಅಂಥದನ್ನು ಎದುರಿಗೆ ಕೂತವರ ಮುಖ ನೋಡುತ್ತ ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಹತ್ತಿಮತ್ತೂರು. ಬೌದ್ಧ ಮನೆತನ, ಎರಡು ಎಕರೆ ಹೊಲ, ಮನೆ ತುಂಬ ಮಂದಿ. ಪಿಯುಸಿ ಮುಗಿಸಿ ಹಾನಗಲ್ಲಿನ ಅಂಗಡಿಗೆ ಸೇರಿದವನು ಅರವತ್ತು ತುಂಬುವವರೆಗೂ ಒಬ್ಬರೇ ಸಾವ್ಕಾರರ ಹತ್ತಿರ ದುಡಿದೆ. ಅವರಿಗೆ ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು ಎಂದು ನಾಲ್ಕು ಕಡೆ ಅಂಗಡಿ. ನಾಲ್ಕೂ ಕಡೆ ನನ್ನನ್ನು ತಿರುಗಿಸಿದರು. ಯಾವಾಗ ದೊಡ್ಡ ಕ್ಯಾಶಿಯರ್ ಆದೆ, ಪಗಾರ ಯಾವಾಗ ಏರಿತು ಎಂಬುದೆಲ್ಲ ನನ್ನ ಹೆಂಡತಿಗೆ ನೆನಪಿದೆ, ನನಗಿಲ್ಲ. ನನಗೆ ನೆನಪಿರುವುದು ಕೌಂಟರಿನ ಆಚೆ ನಿಂತವರ ಮುಖಗಳು.

ಹಾನಗಲ್ಲಿನ ಅಂಗಡಿಗೆ ಮೊದಲ ಸಲ ಕಾರ್ಡು ಉಜ್ಜುವ ಮಶೀನು ಬಂದಾಗ ಸಾವ್ಕಾರರು ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದರು. ಆಮೇಲೆ ಒಂದು ವಾರ ಅದನ್ನು ಯಾರೂ ಮುಟ್ಟಲಿಲ್ಲ. ಆಗ ಪಿನ್ ನಂಬರಿನ ಪದ್ಧತಿ ಇರಲಿಲ್ಲ. ಕಾರ್ಡು ಉಜ್ಜಿ, ಹೊರಬಂದ ಚೀಟಿಯ ಮೇಲೆ ಗಿರಾಕಿಯ ಸಹಿ ಹಾಕಿಸಿ, ಕಾರ್ಡಿನ ಬೆನ್ನ ಮೇಲಿರುವ ಸಹಿಗೆ ಹೋಲಿಸಬೇಕು. ಎರಡೂ ಕೂಡಿದರೆ ವ್ಯಾಪಾರ, ಕೂಡದಿದ್ದರೆ ಬ್ಯಾಂಕಿಗೆ ಫೋನು. ನಿಯಮ ಇಷ್ಟೇ. ಆದರೆ ನಮ್ಮ ಕಡೆ ಕಾರ್ಡಿನ ಬೆನ್ನಿಗೆ ಸಹಿ ಮಾಡಿದವರೇ ಸಿಗುತ್ತಿರಲಿಲ್ಲ. “ಗೀಚಿದ್ರ ಕೆಡ್ತೇತಿ ಅಲ್ರಿ?” ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಬಹಳ ಶಾಣ್ಯಾನ ಹಾಗೆ ಪೆನ್ನು ಕೊಟ್ಟು, ಅಲ್ಲೇ ಬೆನ್ನಿಗೆ ಸಹಿ ಮಾಡಿಸಿ, ಆಮೇಲೆ ಚೀಟಿಯ ಮೇಲೆ ಮಾಡಿಸಿ, ಎರಡನ್ನೂ ಅಕ್ಕಪಕ್ಕ ಹಿಡಿದು ನೋಡುತ್ತಿದ್ದೆ. ಯಾವಾಗಲೂ ಹೊಂದುತ್ತಿದ್ದವು. ನನ್ನ ಕೆಲಸ ಚೊಕ್ಕ ಎಂದು ಖುಷಿಪಡುತ್ತಿದ್ದೆ. ಇದರಲ್ಲಿ ಏನು ತಪ್ಪಿದೆ ಎಂಬುದು ನನಗೆ ಎರಡು ವರ್ಷ ಹೊಳೆಯಲಿಲ್ಲ.

ಹೊಳೆಸಿದವರು ಶಿಗ್ಗಾಂವದ ಅಂಗಡಿಗೆ ಬಂದ ಒಂದು ಜೋಡಿ. ಆಗಷ್ಟೇ ನನ್ನನ್ನು ಅಲ್ಲಿಗೆ ಹಾಕಿದ್ದರು. ಹೆದ್ದಾರಿಯ ಅಂಗಡಿ, ಪುಣೆಗೆ ಹೋಗುವವರೂ ಬೆಂಗಳೂರಿಗೆ ಹೋಗುವವರೂ ಗಾಡಿ ನಿಲ್ಲಿಸಿ ಒಳಗೆ ಬರುತ್ತಿದ್ದರು. ಆ ಗಂಡಹೆಂಡತಿ ಬಿಳಿ ಕಾರಿನಲ್ಲಿ ಬಂದರು. ಮೆಲ್ಲಗೆ ಇಂಗ್ಲಿಷು, ನಡುನಡುವೆ ಒಂದೊಂದು ಕನ್ನಡದ ಮಾತು. ಹನ್ನೊಂದು ರೇಷ್ಮೆ ಸೀರೆ ತೆಗೆದರು. ಒಂದನ್ನೂ ಬಿಚ್ಚಿಸಲಿಲ್ಲ, ಸೆರಗು ತೋರಿಸಿ ಎನ್ನಲಿಲ್ಲ, ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಲಿಲ್ಲ. ರೇಟು ಕೇಳಲಿಲ್ಲ. ನಮ್ಮ ಹೆಣ್ಣುಮಕ್ಕಳು ಒಂದು ಕುಪ್ಪಸದ ಖಣ ತೆಗೆಯುವುದಕ್ಕೆ ಇಡೀ ಕಪಾಟು ಕೆಳಗಿಳಿಸುತ್ತಾರೆ. ಈ ಜೋಡಿಯ ರೀತಿ ನನಗೆ ವಿಚಿತ್ರ ಎನಿಸಬೇಕಿತ್ತು. ಎನಿಸಿದ್ದು ಬೇರೆ: ದೊಡ್ಡ ಮಂದಿ, ನಮ್ಮ ಹಾಗೆ ಚೌಕಾಶಿ ಮಾಡುವುದಿಲ್ಲ ಅಂತ.

ಮೊದಲ ಕಾರ್ಡು ನಡೆಯಲಿಲ್ಲ. ಎರಡನೆಯದೂ ನಡೆಯಲಿಲ್ಲ. ಆ ಮನುಷ್ಯ ಪಾಪ ಎನಿಸುವ ಹಾಗೆ ಮುಖ ಮಾಡಿ ಮೂರನೆಯದನ್ನು ಕೊಟ್ಟ. ಅದೂ ನಿಂತಿತು. ಆಗ ನಾನು, ಈ ಬಾಯಿಂದಲೇ, “ಸರ್, ಬಿಲ್ಲು ಎರಡು ಭಾಗ ಮಾಡಿ ಹಾಕಿ ನೋಡೋಣ” ಎಂದೆ. ಎರಡು ಭಾಗ ಮಾಡಿದೆ, ಹೋಯಿತು. ಕಾರ್ಡಿನ ಬೆನ್ನು ಖಾಲಿ ಇತ್ತು. ಪೆನ್ನು ಕೊಟ್ಟೆ. ಸಹಿ ಮಾಡಿದ. ಹೋಲಿಸಿದೆ. ಹೊಂದಿತು.

ಎರಡು ತಿಂಗಳ ಮೇಲೆ ಬ್ಯಾಂಕಿನಿಂದ ಕಾಗದ ಬಂತು. ಕಾರ್ಡು ಕಳವಾದದ್ದು, ನಿಜವಾದ ಒಡೆಯ ಈ ಖರೀದಿ ತನ್ನದಲ್ಲ ಎಂದಿದ್ದಾನೆ, ದುಡ್ಡು ವಾಪಸು. ಸೀರೆ ಮೊದಲೇ ಹೋಗಿದ್ದವು. ಸಾವ್ಕಾರರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

“ಕಳ್ಳಗ ಪೆನ್ನು ನೀನ ಕೊಟ್ಟಿ?”

“ಹೌದ್ರಿ.”

“ಎರಡು ಭಾಗ ಮಾಡು ಅಂತ ನೀನ ಹೇಳಿಕೊಟ್ಟಿ?”

“ಹೌದ್ರಿ.”

“ಅವಾ ಪಟಗಾ ಸುತ್ಕೊಂಡು ಹೊಲದಿಂದ ಬಂದಿದ್ರ ಹಿಂಗ ಮಾಡ್ತಿದ್ದೇನು, ಭೀಮಪ್ಪ?”

ಅವರು ಬಯ್ಯಲಿಲ್ಲ, ಪಗಾರದಲ್ಲಿ ಹಿಡಿಯಲಿಲ್ಲ. ಆ ಒಂದು ಪ್ರಶ್ನೆ ಕೇಳಿ ಬಾಗಿಲು ತೆರೆದರು. ನನಗೆ ಅದು ಬಯ್ಗುಳಕ್ಕಿಂತ ಕೆಟ್ಟದ್ದಾಗಿ ತಾಕಿತು. ಆದರೆ ಅದರಿಂದ ನಾನು ಕಲಿಯಬೇಕಾದದ್ದನ್ನು ಕಲಿಯಲಿಲ್ಲ. ಇಂಗ್ಲಿಷಿನವರನ್ನು ಸುಮ್ಮನೆ ನಂಬಬಾರದು ಎಂದು ಕಲಿಯುವ ಬದಲು ಯಾರನ್ನೂ ನಂಬಬಾರದು ಎಂದು ಕಲಿತೆ. ಅದನ್ನು ಆಚರಣೆಗೆ ತರುವಾಗಲೂ ಇಂಗ್ಲಿಷಿನವರಿಗೆ ರಿಯಾಯಿತಿ ಕೊಟ್ಟೆ ಎಂಬುದು ಬಹಳ ತಡವಾಗಿ ತಿಳಿಯಿತು.

ಆ ಪ್ರಕರಣ ಆದ ಮೇಲೆ ಸಾವ್ಕಾರರು ನಾಲ್ಕೂ ಅಂಗಡಿಯ ಕ್ಯಾಶಿಯರುಗಳನ್ನು ಸವಣೂರಿನಲ್ಲಿ ಕೂಡಿಸಿ ಬ್ಯಾಂಕಿನ ಒಬ್ಬ ಅಧಿಕಾರಿಯಿಂದ ಪಾಠ ಹೇಳಿಸಿದರು. ಆಚಾರ್ ಸಾಹೇಬರೆಂದು ನಾವು ಕರೆಯುತ್ತಿದ್ದೆವು. ವಿದ್ವಾಂಸರ ಮನೆತನದವರು, ಹಣೆಯ ಮೇಲೆ ಅಂಗಾರ, ಮಾತು ಅಳೆದು ತೂಗಿ. ಸಂಶಯ ಬರುವ ಲಕ್ಷಣಗಳನ್ನು ಒಂದೊಂದಾಗಿ ಹೇಳಿದರು. ಮಾಲು ನೋಡದೆ ಕೊಳ್ಳುವುದು, ಒಂದರ ಮೇಲೊಂದು ಕಾರ್ಡು ಕೊಡುವುದು, ಪಿನ್ ತಪ್ಪು ಒತ್ತುವುದು, ಕಾರ್ಡಿನ ಮೇಲಿನ ಹೆಸರೇ ಬೇರೆ ಇರುವುದು, ಅವಸರ ಮಾಡುವುದು. ಆಗ ಪಿನ್ ಪದ್ಧತಿ ಬಂದಾಗಿತ್ತು. ಬ್ಯಾಂಕಿಗೆ ಫೋನು ಹಚ್ಚಬೇಕು. ಅವರು ಕಾರ್ಡು ಹಿಡಿದಿಟ್ಟುಕೊಳ್ಳಿ ಎಂದರೆ ಹಿಡಿದಿಡಬೇಕು, ಕತ್ತರಿಸಿ ಎಂದರೆ ಕತ್ತರಿಸಬೇಕು.

ಆಮೇಲೆ ಅವರು ಇನ್ನೂ ಅರ್ಧ ತಾಸು ಮಾತಾಡಿದರು. “ಧ್ವನಿ ಏರಿಸಬ್ಯಾಡ್ರಿ. ಕಳ್ಳ ಅನ್ನೋ ಮಾತು ಬಾಯಾಗ ಬರಬಾರದು. ಮಶೀನಿಗೆ ತ್ರಾಸಾಗೇತಿ ಅನ್ರಿ, ಬ್ಯಾರೆ ಥರಾ ಕೊಡ್ತೀರೇನು ಅಂತ ಕೇಳ್ರಿ. ಮನಿಯವರನ್ನ ಕರಸ್ತೇನಿ ಅಂದ್ರ ಕರಸಾಕ ಬಿಡ್ರಿ. ನೀವು ಪೊಲೀಸರಲ್ಲ. ಹತ್ತು ಮಂದ್ಯಾಗ ಒಂಬತ್ತು ಮಂದಿ ನಿರಪರಾಧಿಗಳ ಇರ್ತಾರ.” ಇದನ್ನೆಲ್ಲ ಹೇಳುವ ಹೊತ್ತಿಗೆ ಉಪ್ಪಿಟ್ಟು ಬಂದಿತ್ತು. ನಾನು ಮೊದಲ ಅರ್ಧವನ್ನು ನೋಟಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಎರಡನೆಯ ಅರ್ಧ ಬರೆದುಕೊಳ್ಳಲಿಲ್ಲ. ಅದೆಲ್ಲ ನಯವಿನಯದ ಮಾತು, ಬರೆದುಕೊಳ್ಳುವಂಥದ್ದೇನಿದೆ ಎಂದುಕೊಂಡೆ. ಹೊಸಬರೇ, ನೋಟಬುಕ್ಕು ಇದ್ದರೆ ಎರಡನೆಯ ಅರ್ಧವನ್ನು ಮೊದಲು ಬರೆದುಕೊಳ್ಳಿ.

ಅದಾದ ಒಂದು ವರ್ಷಕ್ಕೆ ನನಗೆ ಒಂದು ಗೆಲುವು ಸಿಕ್ಕಿತು, ನನ್ನನ್ನು ಕೆಡಿಸಿದ್ದು ಅದೇ. ಹಿರೇಕೆರೂರಿನ ಅಂಗಡಿಯಲ್ಲಿ ಒಬ್ಬ ನಡುವಯಸ್ಸಿನ ಮನುಷ್ಯ, ಗರಿಗರಿ ಬಿಳಿ ಅಂಗಿ, ಪ್ಯಾಂಟು ಶರ್ಟಿನ ಬಟ್ಟೆ ತಾನುಗಟ್ಟಲೆ ತೆಗೆಸಿದ. ಪಿನ್ ಸರಿಯಾಗಿ ಒತ್ತಿದ. ಆದರೆ ಅದು ರೈತರಿಗೆ ಕೊಡುವ ಸಾಲದ ಕಾರ್ಡು, ಮುಟ್ಟಿ ಮುಟ್ಟಿ ಅಂಚು ಸವೆದಿತ್ತು. ಅವನ ಕೈಗೆ ಅದು ಒಪ್ಪಲಿಲ್ಲ. ಚೀಟಿ ಬರುವಷ್ಟರಲ್ಲಿ, “ಕಾರ್ಡಿನ ಮ್ಯಾಲಿನ ಹೆಸರು ಹೇಳ್ರಿ” ಎಂದೆ. ಅವನು ಒಂದು ಹೆಸರು ಹೇಳಿದ. ಕಾರ್ಡಿನ ಮೇಲೆ ಬೇರೆ ಇತ್ತು. ಎಟಿಎಮ್ಮಿನ ಮುಂದೆ ಒಬ್ಬ ಮುದುಕನಿಗೆ ದುಡ್ಡು ತೆಗೆದುಕೊಡುವ ನೆಪದಲ್ಲಿ ಕಾರ್ಡು ಅದಲುಬದಲು ಮಾಡಿ, ಪಿನ್ ನೋಡಿಕೊಂಡು ಬಂದಿದ್ದನಂತೆ. ಪೊಲೀಸರು ಕರೆದುಕೊಂಡು ಹೋದರು. ಮರುದಿನ ಆ ಮುದುಕ ಬಂದು ನನ್ನ ಕೈ ಹಿಡಿದುಕೊಂಡು ಅತ್ತ. ಸಾವ್ಕಾರರು ಎಲ್ಲರ ಮುಂದೆ ಶಾಲು ಹೊದಿಸಿದರು.

ಅಂದಿನಿಂದ ಆ ಪ್ರಶ್ನೆ ನನ್ನ ಬ್ರಹ್ಮಾಸ್ತ್ರವಾಯಿತು. ಹೆಸರು ಹೇಳ್ರಿ. ಹೇಳಿದವರು ಸಾಚಾ, ತಡವರಿಸಿದವರು ಕಳ್ಳರು. ಉಳಿದ ಕ್ಯಾಶಿಯರುಗಳಿಗೂ ಹೇಳಿಕೊಟ್ಟೆ. ಹೇಳಿಕೊಡುವಾಗ ಮೀಸೆ ತಿರುವುತ್ತಿದ್ದೆನೋ ಏನೋ.

ಇನ್ನು ಆಡೂರಿನ ಮಾತು.

ನಮ್ಮ ಕಡೆ ಮದುವೆ ಗೊತ್ತಾದ ಮೇಲೆ ಎರಡೂ ಮನೆಯವರು ಕೂಡಿ ಬಂದು, ಒಂದೇ ದಿನ, ಒಂದೇ ಅಂಗಡಿಯಲ್ಲಿ ಎಲ್ಲ ಬಟ್ಟೆ ತೆಗೆಯುತ್ತಾರೆ. ಅದನ್ನು ಬಸ್ತಾ ಎನ್ನುತ್ತೇವೆ. ಇಪ್ಪತ್ತು ಮೂವತ್ತು ಮಂದಿ ಮೇಲಿನ ಮಜಲಿನಲ್ಲಿ ಗಾದಿಯ ಮೇಲೆ ಕೂತು, ಸೀರೆ ಬಿಚ್ಚಿಸಿ, ನಗೆ, ಮುನಿಸು, ಚಹಾ, ಮತ್ತೆ ನಗೆ. ಮದುಮಗಳ ಸೀರೆ ಗಂಡಿನವರದು, ಮದುಮಗನ ಅರಿವೆ, ಬೀಗರಿಗೆ ಕೊಡುವ ಬಟ್ಟೆ ಹೆಣ್ಣಿನವರದು. ಬಸ್ತಾ ನಡುವೆ ನಿಲ್ಲಬಾರದು ಎಂದು ಒಂದು ನಂಬಿಕೆಯೂ ಇದೆ. ನಿಂತರೆ ಆ ಮದುವೆಗೆ ಒಳ್ಳೆಯದಲ್ಲವಂತೆ.

ಆ ದಿನ ಶಿಗ್ಗಾಂವದ ಅಂಗಡಿಯಲ್ಲಿ ಮೂರು ಬಸ್ತಾ. ಕೌಂಟರಿನ ಮುಂದೆ ಸಾಲು. ಒಬ್ಬ ಹೆಣ್ಣುಮಗಳು ಮೇಲಿಂದ ಒಬ್ಬಳೇ ಇಳಿದು ಬಂದಳು. ಐವತ್ತೈದರ ಆಸುಪಾಸು. ಇಳಕಲ್ ಸೀರೆ, ಬಿಸಿಲಿಗೆ ಸುಟ್ಟ ಕೈ, ಕೈ ತುಂಬ ಹಸಿರು ಬಳೆ, ಹಣೆ ತುಂಬ ಕುಂಕುಮ. ಹೆಸರು ಗಿರಿಜವ್ವ ಎಂದು ಆಮೇಲೆ ಗೊತ್ತಾಯಿತು. ಮದುಮಗಳು ರೇಣುಕಾಳ ತಾಯಿ. ಸೆರಗಿನ ತುದಿಯ ಗಂಟು ಬಿಚ್ಚಿ ಕಾರ್ಡು ಕೊಟ್ಟಳು. ಪಿನ್ ಒತ್ತಿದಳು, ತಪ್ಪಿತು. ಮತ್ತೆ ಒತ್ತಿದಳು, ಮತ್ತೆ ತಪ್ಪಿತು. ಆಮೇಲೆ ಗಂಟಿನಿಂದ ಕ್ಯಾಲೆಂಡರಿನ ಹರಿದ ಹಾಳೆಯ ಒಂದು ಚೂರು ತೆಗೆದು ನನ್ನ ಮುಂದೆ ಹಿಡಿದು, “ನನಗ ಕಣ್ಣು ಕಾಣೂದಿಲ್ರಿ, ನೀವ ಒತ್ರಿ” ಎಂದಳು. ನಾನು ಕಾರ್ಡು ತಿರುಗಿಸಿ ನೋಡಿದೆ. ಗಂಡಸಿನ ಹೆಸರು.

“ಯಾರದು ಈ ಕಾರ್ಡು?”

“ನಮ್ಮ ಮನ್ಯಾಗಿನವರದರಿ.”

“ಹೆಸರು ಹೇಳ್ರಿ.”

ಅವಳು ಸೆರಗನ್ನು ಬಾಯಿಗೆ ಹಿಡಿದಳು.

“ಅಮ್ಮಾ, ಕಾರ್ಡಿನ ಮ್ಯಾಲೆ ಹೆಸರೈತಿ. ನಿಮ್ಮ ಮನಿಯವರದ ಇದ್ರ ಹೆಸರು ಹೇಳ್ರಿ, ಮುಗೀತು.”

ಅವಳು ತಲೆ ತಗ್ಗಿಸಿದಳು. ಸಾಲಿನಲ್ಲಿದ್ದವರು ಇಣುಕತೊಡಗಿದರು. ನನ್ನ ಧ್ವನಿ ಏರಿದ್ದು ನನಗೇ ಕೇಳಿಸುತ್ತಿತ್ತು. “ಗಂಡನ ಹೆಸರು ಗೊತ್ತಿಲ್ಲೇನು ನಿಮಗ?”

“ತಡೀರಿ ಯಪ್ಪಾ, ನಮ್ಮ ತಮ್ಮ ಮ್ಯಾಲದಾನ. ಕರಕೊಂಡ ಬರ್ತೇನಿ, ಅವಾ ಹೇಳ್ತಾನ” ಎಂದು ಕಾರ್ಡಿಗೆ ಕೈಚಾಚಿದಳು.

ನಾನು ಕಾರ್ಡನ್ನು ಹಿಂದಕ್ಕೆ ಎಳೆದುಕೊಂಡೆ. ಕಳ್ಳರು ಹೀಗೇ ಜಾಗ ಖಾಲಿ ಮಾಡುತ್ತಾರೆ ಎಂದು ನನ್ನ ತಲೆಯಲ್ಲಿ ಕೂತಿತ್ತು. “ನೀವು ಎಲ್ಲಿಗೂ ಹೋಗೂದು ಬ್ಯಾಡ, ಇಲ್ಲೇ ನಿಂದರ್ರಿ” ಎಂದು ಬ್ಯಾಂಕಿಗೆ ಫೋನು ಹಚ್ಚಿದೆ. ಕಾರ್ಡಿನ ಒಡೆಯರು ಎದುರಿಗೆ ಇದ್ದಾರೆಯೇ ಎಂದು ಆಚೆಯಿಂದ ಕೇಳಿದರು. ಇಲ್ಲ ಎಂದೆ. ತಂದವರು ಹೆಸರು ಹೇಳುತ್ತಾರೆಯೇ? ಇಲ್ಲ ಎಂದೆ. ಪಿನ್ ಎರಡು ಸಲ ತಪ್ಪಿದೆ, ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಾರೆ ಎಂದೂ ಸೇರಿಸಿದೆ. ಎಲ್ಲವೂ ನಿಜ. ಅವರು ಕಾರ್ಡು ಬಂದ್ ಮಾಡಿ, ಕತ್ತರಿಸಿಬಿಡಿ ಎಂದರು. ಬಟ್ಟೆ ಕತ್ತರಿಸುವ ಕತ್ತರಿ ಪಕ್ಕದಲ್ಲೇ ಇತ್ತು. ಅವಳ ಕಣ್ಣೆದುರಿಗೇ ಎರಡು ತುಂಡು ಮಾಡಿದೆ.

ಗಿರಿಜವ್ವ ಅಳಲಿಲ್ಲ. ಕೌಂಟರಿನ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅವಳ ಬೆನ್ನ ಹಿಂದೆ ಎರಡು ಮೆಟ್ಟಿಲು ಮೇಲೆ ಒಬ್ಬ ಹಿರಿಯರು ನಿಂತಿದ್ದರು, ಹಸಿರು ಶಾಲು, ಕೈಯಲ್ಲಿ ಎಲೆಯಡಿಕೆಯ ಚೀಲ. ಹಿರೇಕೆರೂರ ಕಡೆಯವರು, ಮದುಮಗನ ಕಾಕಾ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನನ್ನು ನೋಡಿದರು, ಕತ್ತರಿಯನ್ನು ನೋಡಿದರು, ಮೇಲೆ ಹೋದರು.

ಗಿರಿಜವ್ವನ ತಮ್ಮ ಫಕೀರಪ್ಪ ಧಡಧಡ ಇಳಿದು ಬಂದ. “ನಿಂಗಪ್ಪಂದರಿ ಅದು, ನಮ್ಮ ಮಾವಂದು! ಬಸ್ ಡ್ರೈವರ್ ಇದ್ರು, ಲಕ್ವಾ ಹೊಡದು ಎರಡು ವರ್ಷಾತು ಹಾಸಿಗಿ ಮ್ಯಾಲದಾರ. ಅವರ ಪೆನ್ಶನ್ ಅದು. ನಮ್ಮಕ್ಕ ಗಂಡನ ಹೆಸರು ಹೇಳ್ತಾಳೇನ್ರೀ?” ಎಂದ.

ಆ ಕೊನೆಯ ಮಾತು ಕೇಳಿದಾಗ ನನಗೆ ನನ್ನ ಅವ್ವ ನೆನಪಾದಳು. ನನ್ನ ಅವ್ವ ಸಾಯುವವರೆಗೆ ಅಪ್ಪನ ಹೆಸರನ್ನು ಬಾಯಲ್ಲಿ ಆಡಲಿಲ್ಲ. ಮನೆಗೆ ರೇಶನ್ ಕಾರ್ಡಿನವರು ಬಂದಾಗ, ಜನಗಣತಿಯವರು ಬಂದಾಗ, ಯಜಮಾನರ ಹೆಸರೇನು ಎಂದು ಕೇಳಿದರೆ ನನ್ನತ್ತ ಬೆರಳು ತೋರಿಸುತ್ತಿದ್ದಳು. ಹೇಳುವುದು ನನ್ನ ಕೆಲಸ. ನಾನಿಲ್ಲದ ಒಂದು ದಿನ ಅವಳು ಮಗನನ್ನು ಕರೆತರುತ್ತೇನೆ ಎಂದು ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ, ಶಾಲೆಯವರೆಗೆ ನಡೆದು ಬಂದಿದ್ದಳು. ಇಷ್ಟು ಗೊತ್ತಿದ್ದ ನಾನು ಗಂಡನ ಹೆಸರು ಗೊತ್ತಿಲ್ಲವೇ ಎಂದು ಗಿರಿಜವ್ವನನ್ನು ಮಂದಿಯ ಮುಂದೆ ಕೇಳಿದ್ದೆ. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ನನ್ನ ಅಪ್ಪ ಒಮ್ಮೆ ಹೊಸ ಛತ್ರಿ ಹಿಡಿದು ಸಂತೆಗೆ ಹೋದಾಗ ದಾರಿಯಲ್ಲಿ ಮೇಲಿನ ಕೇರಿಯ ಮೂರು ಮಂದಿ ತಡೆದು ಯಾರದು ಅದು ಎಂದು ಕೇಳಿದ್ದರಂತೆ. ಅಪ್ಪ ಅದನ್ನು ನಗುತ್ತ ಹೇಳುತ್ತಿದ್ದ. ಅಂಥ ಮನೆಯಿಂದ ಬಂದ ನಾನು ಕೌಂಟರಿನ ಈಚೆ ಕೂತು ಆ ಮೂರು ಮಂದಿಯ ಕೆಲಸವನ್ನೇ ಮಾಡಿದ್ದೆ. ಗಿರಿಜವ್ವನ ಜಾಗದಲ್ಲಿ ಕೈಗೆ ಬಂಗಾರದ ಬಿಲ್ವಾರ ಹಾಕಿದವರು ನಿಂತಿದ್ದರೆ ನಾನು ಕತ್ತರಿಗೆ ಕೈ ಹಾಕುತ್ತಿರಲಿಲ್ಲ.

ಬೀಗರು ಜಗಳ ಮಾಡಲಿಲ್ಲ. ಕಾಕಾ ಎಲ್ಲರನ್ನೂ ಎಬ್ಬಿಸಿಕೊಂಡು ಕೆಳಗೆ ಬಂದು, “ಇವತ್ತು ಬ್ಯಾಡ ಬಿಡ್ರಿ, ಇನ್ನೊಂದ್ ದಿನ ನೋಡೋಣು” ಎಂದಷ್ಟೇ ಹೇಳಿದರು. ಫಕೀರಪ್ಪ ಅವರ ಹಿಂದೆ ರಸ್ತೆಯವರೆಗೆ ಓಡಿದ. ನಾನೂ ಎದ್ದು ಹೋಗಿ ತಪ್ಪು ನನ್ನದು ಎನ್ನಬೇಕಿತ್ತು. ಸಾಲಿನಲ್ಲಿದ್ದ ಮುಂದಿನವರು ಬಿಲ್ಲು ಚಾಚಿದರು. ನಾನು ಅದನ್ನು ಇಸಿದುಕೊಂಡೆ.

ಮೂರನೆಯ ದಿನ ಆಡೂರಿಗೆ ಹೋದೆ. ಎರಡು ಒಳ್ಳೆಯ ಸೀರೆ ತೆಗೆದುಕೊಂಡು ಹೋಗಿದ್ದೆ, ನನ್ನ ಪಗಾರದಿಂದ. ಪಡಸಾಲೆಯ ಮಂಚದ ಮೇಲೆ ನಿಂಗಪ್ಪನವರು ಮಲಗಿದ್ದರು. ಒಂದು ಕಣ್ಣು ಮಾತ್ರ ನನ್ನ ಜೊತೆಗೆ ತಿರುಗುತ್ತಿತ್ತು. ಗಿರಿಜವ್ವ “ಕುಂದರ್ರಿ” ಎಂದು ಕಂಬಳಿ ಹಾಸಿದಳು. ರೇಣುಕಾ ಚಹಾ ತಂದಳು. ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುವ ಹುಡುಗಿ, ದನಿ ಸಣ್ಣದು, ಮಾತು ನೇರ.

“ತಪ್ಪಾತವ್ವ” ಎಂದೆ.

“ನಿಮ್ಮ ಕೆಲಸಾ ನೀವು ಮಾಡೀರಿ” ಎಂದಳು ಗಿರಿಜವ್ವ. ಅದರಲ್ಲಿ ಕೊಂಕಿರಲಿಲ್ಲ, ಅದೇ ನನ್ನನ್ನು ಚುಚ್ಚಿತು.

ಸೀರೆಯ ಚೀಲವನ್ನು ರೇಣುಕಾ ನನ್ನ ಕಡೆಗೇ ಸರಿಸಿದಳು. “ಇದು ನಮಗ ಬ್ಯಾಡ್ರಿ. ಬೀಗರು ಫೋನ್ ಎತ್ತವಲ್ರು. ಕಾರ್ಡ್ ನಮ್ಮಪ್ಪಂದ ಅಂತ ನಾವು ಹೇಳಿದ್ರ ಕಳ್ಳರು ಹಂಗ ಹೇಳಾವ್ರ ಅಂತಾರ. ಕತ್ತರಿ ಹಾಕಿದವರು ನೀವು. ನೀವು ಹೇಳಿದ್ರ ನಂಬ್ತಾರ. ಅವರ ಊರಿಗೆ ಹೋಗಿ ಒಂದ್ ಮಾತು ಹೇಳಿ ಬರ್ತೀರೇನ್ರಿ?”

“ನಾಳೆನ ಹೋಗ್ತೇನಿ” ಎಂದೆ.

“ಮುಹೂರ್ತಕ್ಕ ಇನ್ನ ತಿಂಗಳೈತ್ರಿ. ಬೇಗ ಹೋಗ್ರಿ” ಎಂದಳು.

ಅಂದು ಸಂಜೆಯೇ ಸಾವ್ಕಾರರನ್ನು ಒಂದು ದಿನದ ರಜೆ ಕೇಳಿದೆ, ಕಾರಣವನ್ನೂ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

“ಅಂಗಡಿಯವರು ಸುಳ್ಳ ಸುಳ್ಳ ಕಾರ್ಡ್ ಕತ್ತರಿಸಿದ್ರು ಅಂತ ನೀನ ಊರೂರು ಹೇಳ್ಕೋಂತ ಹೊಂಟಿ? ಬ್ಯಾಂಕಿನವರು ಹೇಳಿದ್ರು, ನೀ ಮಾಡಿದಿ. ಕಾಯ್ದೆ ಪ್ರಕಾರ ತಪ್ಪಿಲ್ಲ. ಸೀಸನ್ ಮುಗೀಲಿ, ಆಮ್ಯಾಲೆ ನಾನ ಒಂದ್ ಫೋನ್ ಹಚ್ತೇನಿ.”

ಅವರು ಕೆಟ್ಟವರಲ್ಲ. ನನ್ನನ್ನು ಹಿಡಿದು ಕಟ್ಟಿಹಾಕಲಿಲ್ಲ. ಹೇಳದೆ ಕೇಳದೆ ಹೋಗಬಹುದಿತ್ತು, ವಾರದ ರಜೆಯ ದಿನ ಹೋಗಬಹುದಿತ್ತು. ಶಿಗ್ಗಾಂವದಿಂದ ಹಿರೇಕೆರೂರು ಒಂದು ದಿನದಲ್ಲಿ ಹೋಗಿ ಬರುವ ದಾರಿ. ಆ ವಾರ ಬಸ್ತಾಗಳ ಗದ್ದಲ ಎಂದುಕೊಂಡೆ. ಮುಂದಿನ ವಾರ ಸೊಂಟ ನೋವು ಎಂದುಕೊಂಡೆ. ಫೋನು ಮಾಡೋಣವೆಂದರೆ ಇಂಥ ಮಾತನ್ನು ಫೋನಿನಲ್ಲಿ ಹೇಗೆ ಹೇಳುವುದು ಎಂದುಕೊಂಡೆ. ನಿಜ ಹೇಳಬೇಕೆಂದರೆ ನಾನು ಹೆದರಿದ್ದೆ. ಶಾಲು ಹೊದಿಸಿಕೊಂಡ ಮನುಷ್ಯ ಇನ್ನೊಂದು ಊರಿಗೆ ಹೋಗಿ, ನಾನು ಒಬ್ಬ ತಾಯಿಯನ್ನು ಸುಮ್ಮನೆ ಕಳ್ಳಿ ಮಾಡಿದೆ ಎಂದು ಹೇಳುವುದಕ್ಕೆ ನಾಚಿಕೆ. ರೇಣುಕಾ ಎರಡು ಸಲ ಅಂಗಡಿಗೆ ಫೋನು ಮಾಡಿದ್ದಳು. ಮೊದಲ ಸಲ ನಾಳೆ ಎಂದೆ. ಎರಡನೆಯ ಸಲ ನಾನು ಅಂಗಡಿಯಲ್ಲಿಲ್ಲ ಎಂದು ಹೇಳಿಸಿದೆ.

ಹದಿನೇಳನೆಯ ದಿನ ಮಧ್ಯಾಹ್ನ ಒಂದು ದೊಡ್ಡ ಬಸ್ತಾ ಮುಗಿಸಿಕೊಂಡು ಕೆಳಗೆ ಬಂತು. ಗಂಟು ಗಂಟು ಬಟ್ಟೆ, ನಗೆ, ಕುಂಕುಮದ ಡಬ್ಬಿ. ಮುಂದೆ ಹಸಿರು ಶಾಲಿನ ಕಾಕಾ. ಬಿಲ್ಲಿನಲ್ಲಿ ಮದುಮಗಳ ಸೀರೆ ಐದು. ರಾಜಿಯಾಗಿರಬೇಕು, ನಾನು ಹೋಗದಿದ್ದರೂ ನಡೆಯಿತಲ್ಲ ಎಂದುಕೊಂಡೆ. ಗಿರಿಜವ್ವ ಎಲ್ಲಿದ್ದಾಳೆಂದು ಮೆಟ್ಟಿಲ ಕಡೆ ನೋಡಿದೆ. ಇಳಿದು ಬಂದವರಲ್ಲಿ ಆಡೂರಿನವರು ಯಾರೂ ಇರಲಿಲ್ಲ.

“ಗುರ್ತು ಹಿಡದ್ರಿಲ್ಲ?” ಎಂದರು ಕಾಕಾ. “ಅವತ್ತು ನಿಮ್ಮಿಂದ ದೊಡ್ಡ ಉಪಕಾರ ಆತು ನೋಡ್ರಿ. ಆ ಮನಿ ಹೆಣ್ಣು ತಂದಿದ್ರ ಜೀವನಪರ್ಯಂತ ತಲಿ ತಗ್ಗಸಬೇಕಾಗಿತ್ತು. ನಮ್ಮ ಸೋದರತ್ತಿ ಮೊಮ್ಮಗಳು ಸಿಕ್ಕಳು. ಮುಹೂರ್ತಾನೂ ಮೊದಲಿನದ, ಕಲ್ಯಾಣ ಮಂಟಪಾನೂ ಮೊದಲಿನದ.”

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಅದಕ್ಕಾಗಿ ಹಿರೇಕೆರೂರಿಗೂ ಹೋಗಬೇಕಾಗಿರಲಿಲ್ಲ, ಅವರೇ ನನ್ನ ಮುಂದೆ ಬಂದು ನಿಂತಿದ್ದರು. ಅವರ ಪಕ್ಕದಲ್ಲಿ ಹೊಸ ಬೀಗರು, ಹಿಂದೆ ನಗುವ ಹೆಣ್ಣುಮಕ್ಕಳು, ಎದುರಿನ ಖುರ್ಚಿಯಲ್ಲಿ ಸಾವ್ಕಾರರು. ಬಾಯಿ ತೆರೆದೆ. “ಕಾರ್ಡಾ, ರೊಕ್ಕಾರಿ?” ಎಂಬುದು ಹೊರಬಂತು.

ಕಾಕಾ ಅಂಗಿಯ ಕಿಸೆಯಿಂದ ಕಾರ್ಡು ತೆಗೆದು ಕೊಟ್ಟರು. ಅದರ ಮೇಲಿದ್ದದ್ದು ಮದುಮಗನ ಹೆಸರು. ಮದುಮಗ ಬಂದಿರಲಿಲ್ಲ. ಕನ್ನಡಕ ಬಿಟ್ಟು ಬಂದಿದ್ದೇನೆ, ನೀವೇ ಒತ್ತಿ ಎಂದು ನಾಲ್ಕು ಅಂಕಿಯನ್ನು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು. ನಾನು ಒತ್ತಿದೆ. ಯಾರ ಕಾರ್ಡು ಎಂದು ಕೇಳಲಿಲ್ಲ. ಚೀಟಿ ಹೊರಬಂತು. ಅದನ್ನು ಬಿಲ್ಲಿನ ಜೊತೆ ಮಡಚಿ ಅವರ ಕೈಗೆ ಕೊಟ್ಟು, “ಮತ್ತ ಬರ್ರಿ” ಎಂದೆ.